ಐದು ಥೌ

ಅಮ್ಮಣ್ಣಿಯವರ ಹಸಿರು ಎಂ.ಜಿ. ಬಂದದ್ದು
ಹಗ್ಗ ಕಟ್ಟಿಸಿಕೊಂಡಲ್ಲ, ತಾನೇ ಓಡಿಕೊಂಡು,
ಮಂಡಿ ಮೊಹಲ್ಲದ ಸಂದಿಗೆ ಮೂಗು ತೂರಿಸಿ.
ಆಕೆಗೆ ಎಪ್ಪತ್ತೊಂದು; ಕಾರಿಗೆ ಅರವತ್ತಕ್ಕೆ ಎರಡು ಕಮ್ಮಿ.
ಮೇಜಿನ ಮೇಲೆ ರಟ್ಟಿನ ಪೆಟ್ಟಿಗೆ ಇಟ್ಟರು.
"ಉತ್ತನಹಳ್ಳಿ ತಿರುವಿನಲ್ಲಿ ಒಳಗಿನ ಚಕ್ರ ಎದ್ದು
ಬರೀ ಸುತ್ತುತ್ತೆ ಕಣಪ್ಪ, ಹೊಗೆ ಬಿಡುತ್ತೆ, ಎಳೆಯಲ್ಲ.
ಇದನ್ನ ಹಾಕಿಕೊಡಿ. ಇನಾಯತ್ ಕೈಯಲ್ಲೇ ಆಗಬೇಕು."

ಹಳೇ ಡಿಫರೆನ್ಶಿಯಲ್ಲಿನ ಬುದ್ಧಿಯೇ ಅದು:
ಎರಡು ಚಕ್ರಕ್ಕೂ ಸಮ ಸಮ ಅನ್ನುತ್ತಲೇ
ನೆಲ ಬಿಟ್ಟವನ ಕಡೆಗೇ ಓಟವನ್ನೆಲ್ಲ ಸುರಿದು
ನೆಲ ಕಚ್ಚಿದವನನ್ನು ನಿಂತಲ್ಲೇ ಬಿಡುತ್ತದೆ.
ಮನೆಗಳಲ್ಲೂ ಇಂಥವು ಕಂಡಿದ್ದೇನೆ. ಇರಲಿ.

ಹಿಂದಿನ ಮುಚ್ಚಳ ಬಿಚ್ಚಿದರೆ ಎಣ್ಣೆ,
ಜೋನಿಬೆಲ್ಲದ ಬಣ್ಣ, ಕೊಳೆತ ಮೊಟ್ಟೆಯ ನಾತ;
ಎರಡು ದಿನ ಉಣ್ಣುವ ಅನ್ನದಲ್ಲೂ ಅದೇ.
ಆಕ್ಸೆಲ್ ರಾಡು ಎಳೆದು, ಕ್ರೌನಿನ ಎಂಟು ಬೋಲ್ಟು ಕಳಚಿ
ಹೊಸ ಕೇಜಿಗೆ ಕೂರಿಸಿದೆ. ಅದರ ಹೊಟ್ಟೆಯೊಳಗೆ
ಒಂದರ ಮೇಲೊಂದು ಒರಗಿದ ಪ್ಲೇಟುಗಳು,
ರಾತ್ರಿಯಿಡೀ ಎಣ್ಣೆಯಲ್ಲಿ ನೆನೆದವು,
ದೋಸೆಗೆ ಹಾಕಿದ ಉದ್ದಿನ ಹಾಗೆ, ತಟ್ಟೆ ಮುಚ್ಚಿಸಿಕೊಂಡು.

ಇನ್ನು ಇನಾಯತ್‌ನ ಕೆಲಸ.
ಮೂವತ್ತೆರಡು ವರ್ಷದಿಂದ ಸಿಮ್ಮಿನ ಲೆಕ್ಕ ಅವನದು.
ಹಲ್ಲಿಗೂ ಹಲ್ಲಿಗೂ ನಡುವೆ ಐದು ಥೌ ಸಂದು:
ಅಂಗುಲವನ್ನು ಸಾವಿರ ಮಾಡಿ ಅದರಲ್ಲಿ ಐದು,
ಒಂದು ಬೀಡಿ ಎಲೆಯಷ್ಟು.
ಕಮ್ಮಿಯಾದರೆ ಬಿಸಿ, ಹೆಚ್ಚಾದರೆ ಊಳು.
ಡಯಲ್ ಗೇಜಿನ ಮುಳ್ಳು ಅವನ ಕೈಯಲ್ಲಿ
ಐದಕ್ಕೂ ಹನ್ನೆರಡಕ್ಕೂ ತೂಗಾಡಿತು.
ಈ ಸಲದ ರಂಜಾನಿನಿಂದ ಹಾಗೆ. ಚಹಾದ ಹುಡುಗ
ಅವನ ಲೋಟ ಅರ್ಧವೇ ತುಂಬುತ್ತಾನೆ, ಯಾರೂ ಹೇಳದೆ.

"ನೀನು ಹಿಡಿ," ಅಂದ. ಹಿಡಿದೆ.
ಅವನು ಕಣ್ಣು ಮುಚ್ಚಿ, ಸ್ಕ್ರೂಡ್ರೈವರಿನ ಹಿಡಿ ಕಿವಿಗೊತ್ತಿ,
ತುದಿಯನ್ನು ಹೌಸಿಂಗಿಗೆ ಆನಿಸಿ,
"ತಿರುಗಿಸು... ಇನ್ನೂ... ಎಡಕ್ಕೆ ಇನ್ನೊಂದು ಸಿಮ್ಮು."
ಹಲ್ಲಿಗೆ ನೀಲಿ ಬಳಿದು ಸುತ್ತಿಸಿ ನೋಡಿದೆವು:
ಒರೆಸಿಹೋದ ಗುರುತು, ಹುಣಸೆಬೀಜದಷ್ಟು,
ಹಲ್ಲಿನ ನಟ್ಟನಡುವೆ.
ಗೇಜು ನೋಡಿದೆ: ಐದು.
ಹೇಳಲಿಲ್ಲ. ಅವನೂ ಕೇಳಲಿಲ್ಲ.

ಸಂಜೆ, ಕಾರಿನ್ನೂ ಕುದುರೆಯ ಮೇಲೆ.
ಎಡಚಕ್ರದ ಬಳಿ ಅವನು, ಬಲಕ್ಕೆ ನಾನು,
ನಡುವೆ ಅಷ್ಟಗಲ ತಗಡು, ಮುಖ ಕಾಣದು.
ಮೊನ್ನೆವರೆಗೆ ಅವನು ಮುಂದಕ್ಕೆ ತಿರುಗಿಸಿದರೆ
ನನ್ನದು ಹಿಂದಕ್ಕೆ ಸುತ್ತುತ್ತಿತ್ತು.
ಈಗ ಅವನು ಹೊರಳಿಸಿದ ದಿಕ್ಕಿಗೇ
ನನ್ನ ಅಂಗೈ ಕೆಳಗಿನ ರಬ್ಬರೂ ನಡೆಯಿತು, ಭಾರವಾಗಿ.
ಆಮೇಲೆ ಅವನು ಸುಮ್ಮನೆ ಹಿಡಿದು ಕೂತ.
ಸುಮ್ಮನೆ ಅಂದರೆ ಸುಮ್ಮನಲ್ಲ:
ಅವನ ಕೈಯ ನಡುಕ ರಾಡು ದಾಟಿ, ಪ್ಲೇಟು ದಾಟಿ,
ಮತ್ತೊಂದು ರಾಡು ಹಿಡಿದು ಬಂದು
ನನ್ನ ಬೆರಳನ್ನು ತಟ್ಟುತ್ತಿತ್ತು.
ನಾನು ಕೈ ತೆಗೆಯಲಿಲ್ಲ.
"ಬಂತಾ?" ಅಂದ, ಆ ಕಡೆಯಿಂದ.
"ಬಂತು."

ಪ್ಲೇಟು ಪಳಗಬೇಕಾದರೆ ಎಂಟು ಹಾಕಬೇಕು, ನಿಧಾನ,
ಬನ್ನಿಮಂಟಪದಾಚೆಯ ಬಯಲಿನಲ್ಲಿ, ಇಪ್ಪತ್ತು ಸಲ.
"ಇಂಗ್ಲಿಷ್ ಎಂಟು!" ಇನಾಯತ್ ಕೂಗಿದ,
"ನಮ್ಮ ೮ ಹಾಕಬೇಡಿ, ಅದರ ಬಾಯಿ ಮುಚ್ಚಿಲ್ಲ,
ಒಂದು ಸಲ ಆಚೆ ಹೋದರೆ ವಾಪಸು ಬರಲ್ಲ!"
ಅಮ್ಮಣ್ಣಿ ನಕ್ಕು ಸ್ಟೀರಿಂಗ್ ಒಡೆದರು.
ಧೂಳಿನಲ್ಲಿ ಎಂಟಿನ ಮೇಲೆ ಎಂಟು.
ಹದಿನಾಲ್ಕನೆಯದರ ಹೊತ್ತಿಗೆ
ಹಿಂದಿನಿಂದ ಬರುತ್ತಿದ್ದ ಗೊರಗೊರ ಇಳಿಯಿತು.

ಬಿಲ್ಲಿನಲ್ಲಿ ಕೂಲಿ ಅಂತ ಒಂದೇ ಸಾಲು.
ಎಂದಿನಂತೆ ಅರ್ಧ ಎಣಿಸಿ ಅವನ ಮುಂದಿಟ್ಟೆ.
ಅವನು ಎರಡು ನೋಟು ಇತ್ತ ತಳ್ಳಿದ.
ನಾನು ಒಂದನ್ನು ಅತ್ತ ತಳ್ಳಿದೆ.
ಉಳಿದದ್ದು ಒಯ್ದು ಹುಡುಗ ಚಹಾ ತಂದ,
ಒಂದು ಲೋಟ ತುಂಬಾ, ಒಂದು ಅರ್ಧ.