ಬಸ್ಸಿನಲ್ಲೇ ಉಳಿದ ಕೇಕು

ಎರಡು ರಾತ್ರಿ, ಮೂರು ಹಗಲು, ಹನ್ನೊಂದು ಜನ.
ನೀವೆಸ್ ದೊಡ್ಡಮ್ಮನಿಗೆ ಎಪ್ಪತ್ತೈದು ತುಂಬಿತೆಂದು
ಊದಿನೆಯಿಂದ, ಗೊರಿತ್ಸಿಯಾದಿಂದ, ಗಡಿಯಾಚೆ ಲ್ಯೂಬ್ಲಿಯಾನಾದಿಂದ
ಅವಳು ಬಿಟ್ಟು ಹತ್ತು ವರ್ಷವಾದ ತ್ರಿಯೆಸ್ತೆಗೆ
ಬಂದಿಳಿದೆವು, ಗಾಲಿ ಮುರಿದ ಪೆಟ್ಟಿಗೆಯ ಸಮೇತ.
ಟಿಕೆಟ್ಟು, ಕೋಣೆ, ಊಟದ ಮೇಜು, ಎಲ್ಲ ಹೊಂದಿಸಿದ್ದು ನಾನು.
ಹೊಂದಿಸಿದವರಿಗೆ ಬೈಗುಳ ಪುಕ್ಕಟೆ.

ಶುಕ್ರವಾರ ಗಾಳಿ.
ಗಾಳಿಯೆಂದರೆ ಈ ಊರಿನ ಗಾಳಿ, ಬೋರಾ.
ಸಾಲ ಕೊಟ್ಟವನ ಹಾಗೆ ಬೆಟ್ಟದಿಂದಿಳಿದು
ಸಮುದ್ರದವರೆಗೂ ಅಟ್ಟಿಸಿಕೊಂಡು ಬರುತ್ತದೆ.
ಎಗೀದಿಯೊ ಚಿಕ್ಕಪ್ಪನ ಟೋಪಿ ಕಾಲುವೆಗೆ ಬಿತ್ತು.
"ಹೋಗಲಿ ಬಿಡು, ಅದಕ್ಕೂ ರಜೆ" ಅಂದಳು ದೊಡ್ಡಮ್ಮ.
ಒಬ್ಬರ ತೋಳಿಗೆ ಒಬ್ಬರು ಜೋತು
ಕಲ್ಲುಹಾಸಿನ ಧಕ್ಕೆಯ ತುದಿಯವರೆಗೆ ನಡೆದೆವು.
ಅಲ್ಲಿರುವುದು ನೀರು. ಆಮೇಲೆ ನೀರು.
ಆರು ವರ್ಷದ ಮಾತಿಯಾ ಕೇಳಿದ: "ಇಷ್ಟೇನಾ?"

ಶನಿವಾರ ಗಾಳಿ ಬಿದ್ದುಹೋಗಿ
ಆಕಾಶ ತೊಳೆದಿಟ್ಟ ತಟ್ಟೆ.
ಬಸ್ಸು ಹತ್ತಿ ಬೆಟ್ಟದ ನೆತ್ತಿಯ ಸ್ಮಾರಕ ಕಂಬದ ಬಳಿ ಇಳಿದೆವು.
ಎಣಿಸಿದೆ. ಹನ್ನೊಂದು. ಸರಿ.
ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ
ಯಾರೋ ಅಂದರು: ಕೇಕು?

ಮೂರು ಪದರದ ಕೇಕು.
ಮೇಲೆ ಎರಡು ಭಾಷೆಯ ಶುಭಾಶಯ,
ಅಮ್ಮನ ಕಡೆಯವರಿಗೆ ಸ್ಲೊವೀನು, ಅಪ್ಪನ ಕಡೆಗೆ ಇಟಾಲಿಯನ್ನು.
ಯಾವುದು ಮೇಲೆ, ಯಾವುದು ಕೆಳಗೆ ಎಂದು
ವಾರವಿಡೀ ಫೋನಿನಲ್ಲಿ ಜಗಳವಾಡಿ
ಕೊನೆಗೆ ದುಂಡಗೆ, ಬಳೆಯಂತೆ ಬರೆಸಿದ್ದೆವು.
ಈಗ ಅದು ಕಿಟಕಿ ಬದಿಯ ಸೀಟಿನಲ್ಲಿ ಒಂಟಿ ಕೂತು
ನಮಗಿಂತ ಹೆಚ್ಚು ಹಳ್ಳಿಗಳನ್ನು ನೋಡುತ್ತಿದೆ.

ಫೋನು ಮಾಡಿದೆ. ನಲವತ್ತು ನಿಮಿಷಕ್ಕೆ ಅದೇ ಬಸ್ಸು ವಾಪಸ್ಸು.
ನನಗೆ ಅಳು. ಅಮ್ಮನಿಗೆ ಸಿಟ್ಟು. ಚಿಕ್ಕಪ್ಪನಿಗೆ ಹೊಸ ಶೂ ಕಚ್ಚಿದ ಬೊಬ್ಬೆ.
"ನಲವತ್ತು ನಿಮಿಷ ಅಂದ್ರೆ ಸುಮಾರು ದೂರ ಹೋಗಿ ಬರಬಹುದು"
ಎಂದವಳೇ ದೊಡ್ಡಮ್ಮ ಎದ್ದು ಹೊರಟಳು.
ಅವಳ ಮಂಡಿಗೆಂದೇ ಟ್ಯಾಕ್ಸಿ ಹೇಳಿದ್ದೆ ನಾನು.

ಒಂದು ಮಗ್ಗುಲಿಗೆ ಸುಣ್ಣಕಲ್ಲಿನ ಗೋಡೆ,
ಹಗ್ಗ ಕಟ್ಟಿಕೊಂಡು ಅದಕ್ಕಂಟಿದ ಹುಡುಗಿಯರು.
ಇನ್ನೊಂದು ಮಗ್ಗುಲಿಗೆ ಏನೂ ಇಲ್ಲ, ಪೈನ್ ಮರದ ತಲೆಗಳು, ಕೆಳಗೆ ಕಡಲು.
"ಮೂವತ್ತೊಂದು ವರ್ಷ ಅಲ್ಲಿ ಗೋದಾಮಿನಲ್ಲಿ
ಕಾಫಿ ಮೂಟೆ ಎಣಿಸಿದೆ.
ಕಿಟಕೀಲಿ ಈ ಬಿಳಿ ಬಂಡೆ ಕಾಣ್ತಿತ್ತು.
ಭಾನುವಾರ ಹೋಗೋಣ, ಭಾನುವಾರ ಹೋಗೋಣ ಅಂತಲೇ...
ಈಗ ಇಲ್ಲಿಂದ ಆ ಕಿಟಕಿ ಹುಡುಕ್ತಿದೀನಿ ನೋಡು."
ಎಲ್ಲರೂ ಹುಡುಕಿದೆವು. ಬೆರಳಿಗೊಂದು ದಿಕ್ಕು.
ಮಾತಿಯಾ ಒಂದು ಹಡಗು ತೋರಿಸಿದ. "ಅದಾ?"
"ಅದೇ ಇರಬೇಕು ಕಣೋ."
ಆಮೇಲೆ ನನ್ನ ಕಿವಿಯಲ್ಲಿ, ಮೆಲ್ಲಗೆ:
"ಒಂದು ಮೂಟೆ ಕಮ್ಮಿ ಬಂದ್ರೆ ನಾನೂ ಹೀಗೇ ಅಳ್ತಿದ್ದೆ."

ಬಸ್ಸು ಬಂತು. ಚಾಲಕಿ ತನ್ನ ಮಫ್ಲರಿನಿಂದ
ಡಬ್ಬಿಯನ್ನು ಸೀಟಿಗೆ ಕಟ್ಟಿದ್ದಳು, ತೊಟ್ಟಿಲ ಕೂಸಿನಂತೆ.
ಆದರೂ ತಿರುವುಗಳಲ್ಲಿ ಜಾರಿ
ಎರಡು ಭಾಷೆ ಒಂದರೊಳಗೊಂದು ಕಲಸಿಹೋಗಿ
ಓದಲು ಬರುತ್ತಿರಲಿಲ್ಲ,
ತಿನ್ನಲು ಬರುತ್ತಿತ್ತು.
ಚಾಕು ಹೋಟೆಲಿನಲ್ಲಿ. ಕೋಣೆಯ ಬೀಗದ ಕಾರ್ಡಿನಿಂದ ಕೊಯ್ದೆವು.
ಚಾಲಕಿಗೊಂದು ತುಂಡು, ಕಿಟಕಿಯಿಂದ ಇಣುಕಿದ ಮುದುಕನಿಗೊಂದು.
ಬಸ್ಸು ಆರು ನಿಮಿಷ ತಡ.

ಭಾನುವಾರ. ನನ್ನ ಪಟ್ಟಿಯಲ್ಲಿ
"ಎಂಟಕ್ಕೆ ಸರಿಯಾಗಿ, ಕೋಟೆ" ಎಂದಿದೆ.
ಎಂಟೂವರೆ. ಎಲ್ಲ ಬಾಗಿಲೂ ಮುಚ್ಚಿವೆ, ಒಳಗೆ ಗೊರಕೆ.
ಬಾಗಿಲ ಮುಂದೆ ಸುಣ್ಣಕಲ್ಲಿನ ಧೂಳು ಮೆತ್ತಿದ ಶೂಗಳ ಸಾಲು.
ಅಭ್ಯಾಸ, ಎಣಿಸಿದೆ:
ಹತ್ತು ಜೊತೆ.
ದೊಡ್ಡಮ್ಮನ ಶೂ ಇಲ್ಲ.