ಎದೆಮಟ್ಟದ ಸುತ್ತಳತೆ

ನಗರಸಭೆಯ ಟೇಪು ಮೂವತ್ತೊಂಬತ್ತರಿಂದ ಶುರುವಾಗುತ್ತದೆ.
ಮೊದಲಿನ ಮೂವತ್ತೆಂಟು ಯಾವ ಚರಂಡಿಯ ಪಾಲಾಯಿತೋ
ಜವಾನ ಗುತ್ಯಪ್ಪನಿಗೂ ನೆನಪಿಲ್ಲ.
ಸಾಗರ, ಹಳೇ ಅಕ್ಕಿಗಿರಣಿಯ ಹಿಂದಿನ ಓಣಿ, ಬೆಳಿಗ್ಗೆ ಹನ್ನೊಂದು.
ಅರ್ಜಿದಾರರು: ಅಪೊಲಿನ್ ಬಾಯಿ, ಹೊಲಿಗೆ ಕೆಲಸ.
ಕೋರಿಕೆ: ಹಿತ್ತಲ ಹೆಬ್ಬಲಸು ಕಡಿಯಲು ಅಪ್ಪಣೆ.

ನಮ್ಮ ಒದ್ದಾಟ ನೋಡಲಾರದೆ
ಕೊರಳಿಂದ ತನ್ನ ಟೇಪು ತೆಗೆದರು ಬಾಯಿ.
ಹಳದಿ, ಅರವತ್ತಿಂಚು,
ಮೂವತ್ತು ವರ್ಷ ಓಣಿಯ ಹೆಂಗಸರ ಮೈ ಸುತ್ತಿ ಬಂದದ್ದು
ಮರದ ಅರ್ಧ ದಾಟುವಷ್ಟರಲ್ಲಿ ಮುಗಿಯಿತು.
ರವಿಕೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ
ತೊಗಟೆಯ ಮೇಲೊಂದು ಗೀರೆಳೆದು
ಅಲ್ಲಿಂದ ಮತ್ತೆ ಹಿಡಿದರು.
"ಎದೆ ನೂರಾ ಹನ್ನೆರಡು,
ಬೆಳೆಯೋ ಮೈ, ಎರಡಿಂಚು ಒಳಗೆ ಬಿಡ್ಬೇಕು"
ಎಂದವರು ತಟ್ಟನೆ ಸುಮ್ಮನಾದರು.
ಕಡಿಯಲು ಅರ್ಜಿ ಕೊಟ್ಟವರು.

ನಾನು ಇಂಚನ್ನು ಸೆಂಟಿಮೀಟರು ಮಾಡುತ್ತ ನಿಂತೆ.
ನಮೂನೆಯಲ್ಲಿ ಎರಡಿಂಚಿಗೆ ಜಾಗವಿಲ್ಲ.

'ಜಾತಿ' ಎಂಬ ಕಲಂ ಇದೆ.
"ಇದನ್ನೂ ಬಿಡ್ಲಿಲ್ವಾ ಸಾರ್" ಎಂದ ಗುತ್ಯಪ್ಪ.
ವಯಸ್ಸು: ಅಂದಾಜು.
ಬಾಯಿಯವರ ಮಾವ ಜಾಗ ಕೊಂಡಾಗಲೇ ಇಷ್ಟು ದೊಡ್ಡದಿತ್ತಂತೆ,
ಕ್ರಯಪತ್ರದಲ್ಲಿ ಬಾವಿಯಿದೆ, ಒಗೆಯುವ ಕಲ್ಲೂ ಇದೆ,
ಮರವಿಲ್ಲ.

ಚಕ್ಕುಬಂದಿ:
ಪೂರ್ವಕ್ಕೆ ಶೀಟು ಹೊದೆಸಿದ ಹೊಲಿಗೆ ಕೋಣೆ,
ಪಶ್ಚಿಮಕ್ಕೆ ವೆಲ್ಡಿಂಗ್ ಅಂಗಡಿಯ ಬಿರುಕು ಗೋಡೆ,
ಉತ್ತರಕ್ಕೆ ನಮ್ಮದೇ ಚರಂಡಿ,
ದಕ್ಷಿಣಕ್ಕೆ ಬಾವಿ.
ಕೆಳಗೆ ಏನು, ಮೇಲೆ ಏನು, ಯಾರೂ ಕೇಳುವುದಿಲ್ಲ.
ಕೆಳಗೆ ಬೇರು, ಖಾತೆಯಿಲ್ಲದೆ
ಮೂರು ಮನೆಗೂ ಹೋಗಿ ಬಂದು ಮಾಡುತ್ತಿತ್ತು.
ಮೇಲೊಂದು ಕುಟ್ರುಹಕ್ಕಿ
ಕಂದಾಯ ಬಾಕಿ ಇಟ್ಟವರಂತೆ
ಹೇಳಿದ್ದನ್ನೇ ಹೇಳುತ್ತಿತ್ತು.

ಹದಿನೈದು ದಿನಕ್ಕೆ ಆದೇಶವಾಯಿತು:
ಮರ ಆರೋಗ್ಯವಾಗಿದೆ, ಉಳಿಸತಕ್ಕದ್ದು,
ಶೀಟಿನ ಮೇಲೆ ಚಾಚಿದ ಒಂದು ಕೊಂಬೆ ಮಾತ್ರ ತೆಗೆಯತಕ್ಕದ್ದು,
ಖರ್ಚು ಅರ್ಜಿದಾರರದ್ದು.
ಕೊನೆಯ ಸಾಲು ನಾನೇ ಟೈಪು ಮಾಡಿದ್ದು.

ಬಾಯಿ ಕನ್ನಡಕ ಏರಿಸಿ ಓದಿದರು, ಎರಡು ಸಲ.
"ಜಾಗ ನಂದು. ಕಂದಾಯ ನಂದು.
ಜುಲೈ ಗಾಳಿಗೆ ಕೊಂಬೆ ಬಿದ್ದು ಮುರಿದ ಮಿಷನ್ನು ನಂದು.
ಮರ ಮಾತ್ರ ನಿಮ್ದು.
ಹಾಗಾದ್ರೆ ಎಲೆ ಯಾರ್ದು?"

ಕಾನೂನಿನಲ್ಲಿ ಎಲೆಯ ಮಾತಿಲ್ಲ.
ಇದ್ದರೂ ನಾನು ಅಷ್ಟು ದೂರ ಓದಿಲ್ಲ.

ಸೋಮವಾರ ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ಗೋಣಿಚೀಲ,
ಬಾಯಿ ಹೊಲಿದದ್ದು, ಕೆಂಪು ದಾರ, ಒಂದೇ ಅಳತೆಯ ಹೊಲಿಗೆ,
ಮೇಲೊಂದು ಬಟ್ಟೆಯ ಚೀಟಿ:
'ನಗರಸಭೆಯವರ ಎಲೆ'.
ಮೇಲಿನವರು ಕಡತ ಎಂದರು, ಕಸ ಎನ್ನಲಿಲ್ಲ.
ಆವಕ ವಹಿಯಲ್ಲಿ ನಂಬರು ಕೊಟ್ಟೆ.
ವಿಷಯ: ಎಲೆ. ಲಗತ್ತು: ಚೀಲ ಒಂದು.
ಕೈಗೊಂಡ ಕ್ರಮ ಎಂಬಲ್ಲಿ ಪೆನ್ನು ನಿಂತಿತು.
ಮುಂದಿನ ಸೋಮವಾರ ಇನ್ನೊಂದು. ಅದರ ಮುಂದಿನದೂ.
ನಾಲ್ಕನೆಯದನ್ನು ಗುತ್ಯಪ್ಪ ಸೈಕಲ್ಲಿಗೆ ಕಟ್ಟಿಕೊಂಡ,
"ಒಳ್ಳೇ ದರಕು ಸಾರ್, ಕೊಟ್ಟಿಗೆಗೆ ಹಾಸ್ತೀನಿ."
ಮೂರಕ್ಕೆ ಲೆಕ್ಕವಿದೆ. ನಾಲ್ಕನೆಯದಕ್ಕಿಲ್ಲ.

ಮೊನ್ನೆ ಅಂಗಿಯ ತೋಳು ಗಿಡ್ಡ ಮಾಡಿಸಲು ಹೋಗಿದ್ದೆ.
ಮೊದಲಿನ ಸಿಟ್ಟೇ ಇತ್ತು, ಅಳತೆ ಮಾತ್ರ ತಪ್ಪಲಿಲ್ಲ.
ಕಿಟಕಿಯಾಚೆ ತೊಗಟೆಯ ಮೇಲೆ ಸುಣ್ಣದ ಗೀರು,
ಇಷ್ಟು ಮಳೆ ಹೊಡೆದ ಮೇಲೂ.
ಯಾರಾದರೂ ಮತ್ತೆ ಎಳೆದಿರಬೇಕು.

ಕೂಲಿ ಎಂಬತ್ತು, ನಾನು ಕೊಟ್ಟದ್ದು ನೂರು.
ಚಿಲ್ಲರೆಯಿಲ್ಲವೆಂದು ಉಳಿದ ಇಪ್ಪತ್ತಕ್ಕೆ
ಹುರಿದ ಹೆಬ್ಬಲಸಿನ ಬೀಜ
ಒಂದು ಹಿಡಿ ಪೇಪರಿನಲ್ಲಿ ಸುತ್ತಿ ಕೊಟ್ಟರು.
ಬಿಸಿಯಿತ್ತು.
ಬೀಜ ಯಾರದೆಂದು ಕೇಳದೆ
ಕಚೇರಿಯವರೆಗೂ ತಿನ್ನುತ್ತ ನಡೆದೆ.