ಬೆಸುಗೆಯ ಪಕ್ಕ

ಕಾಫಿ ತೊಟ್ಟಿಯ ಮೊಣಕೈ ಪೈಪು
ಕೂಡ್ಲೂರಿನ ನಮ್ಮ ಶೆಡ್ಡಿಗೆ ವಾಪಸು ಬಂತು.
ನನ್ನ ಬೆಸುಗೆ ಬಿಟ್ಟಿರಲಿಲ್ಲ.
ಅದರಿಂದ ಅರ್ಧ ಬೆರಳು ಆಚೆ
ತುಕ್ಕಿನ ಗೆರೆ, ಉಗುರಿಗೆ ತಡೆಯುವಷ್ಟು ಒರಟು.

ಬೀರಾನ್ ಕಾಕ ಮೂಸಿ ನೋಡಿದರು:
ಹುಳಿತ ಹಣ್ಣಿನ ಸಿಪ್ಪೆ.
‘ಬೆಸೆದ ಮೇಲೆ ಕಾಯಿಸಿದೆಯಾ?’
‘ಕಾಯಿಸಿದೆ ಕಾಕ, ಕಡುಗೆಂಪಿಗೆ,
ಎರಡು ಗಂಟೆ, ಮಗುವಿಗೆ ಶಾಖ ಕೊಟ್ಟ ಹಾಗೆ.’
‘ಅದೇ ತಪ್ಪು.’

ಆರುನೂರು, ಏಳುನೂರರಲ್ಲಿ ಕೂತುಬಿಟ್ಟರೆ
ಒಳಗಿನ ಇಂಗಾಲ ಎದ್ದು
ಕ್ರೋಮಿಯಮ್ಮಿನ ಕೈ ಹಿಡಿಯುತ್ತದಂತೆ.
ಕಾಳು ಕಾಳಿನ ನಡುವಿನ ಬದು
ಕಾವಲಿಲ್ಲದೆ ಬಿದ್ದಿರುತ್ತದೆ.
ಹುಳಿಗೆ ಅಷ್ಟು ಸಾಕು.

ಹೊಸ ತುಂಡು ಬೆಸೆದೆ.
ಈ ಸಲ ಕುಲುಮೆ ಸಾವಿರದೈವತ್ತು.
ಕಡುಗೆಂಪು ದಾಟಿತು, ಕೆಂಪು ದಾಟಿತು,
ಸಿದ್ದಾಪುರದ ಕಿತ್ತಳೆ ಮಾಗಿದ ಬಣ್ಣ.
‘ಈಗ! ದಾರಿಯಲ್ಲಿ ನಿಲ್ಲಬೇಡ!’
ಇಕ್ಕಳ, ಮೂರು ಹೆಜ್ಜೆ,
ಡ್ರಮ್ಮಿನ ತುಂಬ ಹಾರಂಗಿಯ ನೀರು.
ಚೊಂಯ್.

ಹಬೆ ಇಳಿದಾಗ ಪೈಪು ಹಂಚಿನ ತಳದಷ್ಟು ಕಪ್ಪು.
ಆಸಿಡ್ ಹಚ್ಚಿ ತೊಳೆದೆ, ಬೆಳ್ಳಗಾಯಿತು.
ಮೊದಲಿಗಿಂತ ತುಸು ಮೆತ್ತಗೆ,
ಬಗ್ಗಿಸಿದರೆ ಬಗ್ಗುತ್ತದೆ, ಬಿರಿಯುವುದಿಲ್ಲ.

ಬಿಲ್ಲಿನಲ್ಲಿ ಕೂಲಿಯ ಜಾಗ ಖಾಲಿ ಬಿಟ್ಟೆ.
ಕಾಕ ನೋಡಿದರು, ಏನೂ ಅನ್ನಲಿಲ್ಲ.
ಗ್ಯಾಸಿನ ದುಡ್ಡು ಮಾತ್ರ ಬರೆಸಿದರು.